ಪಾತೇಲಿಯ ನೀರು

ಬೈಲಹೊಂಗಲದ ಎದೆರೋಗದ ಆಸ್ಪತ್ರೆಯಲ್ಲಿ ಆಪರೇಶನ್ ಕಲಿಯುವ ಡಾಕ್ಟರರಿಗೆ ಹಿರಿಯ ಸರ್ಜನ್ ದೊಡವಾಡ ಸರ್ ಪರೀಕ್ಷೆ ಮಾಡುತ್ತಿದ್ದುದು ಒಂದು ಪಾತೇಲಿ ನೀರಿನಲ್ಲಿ. ಮಾಂಸ ಮುಟ್ಟದ ಮನೆತನದವರಾದರೂ ಪ್ರತಿ ಮಂಗಳವಾರ ಕಟುಕರ ಅಂಗಡಿಗೆ ತಾವೇ ಹೋಗಿ, ಬೆಂಡೆಕಾಯಿ ಆರಿಸಿದಂತೆ ಆಡಿನ ಶ್ವಾಸಕೋಶಗಳನ್ನು ಆರಿಸಿ ತರುತ್ತಿದ್ದರು. ಕಲಿಯುವವರು ಒಂದೊಂದನ್ನು ಕೊಯ್ದು, ಹೊಲಿದು, ನೀರಿನಲ್ಲಿ ಮುಳುಗಿಸಿ ಗಾಳಿ ತುಂಬಬೇಕು. ಹೊಲಿಗೆಯಿಂದ ಒಂದೇ ಗುಳ್ಳೆ ಎದ್ದರೂ ಆ ವಾರ ರೋಗಿಯ ಎದೆ ಮುಟ್ಟುವ ಹಾಗಿಲ್ಲ. ಸಾಸಿವೆಯಷ್ಟು ಗುಳ್ಳೆಯೂ ಅವರಿಗೆ ಬಾಗಿಲಿನಿಂದಲೇ ಕಾಣುತ್ತಿತ್ತು. “ಯಾಕವಾ, ಜ್ವಾಳದ ಚೀಲಾ ಹೊಲದಿಯೇನ? ಈ ತೂತಿನ್ಯಾಗ ಒಬ್ಬಾಕಿ ಜೀವ ಹೋಗತೈತಿ,” ಎಂದು ಕಿತ್ತೂರಿನ ಸಪ್ನಾಳನ್ನು ಒಂಬತ್ತು ಮಂಗಳವಾರ ಹಿಂದಕ್ಕೆ ಕಳಿಸಿದ್ದರು. ಅವಳಿಗೆ ಕುದಿಯುವ ಚಹಾ ನೋಡಿದರೂ ಎದೆ ಹಾರುತ್ತಿತ್ತು. ಎಲ್ಲರಿಗಿಂತ ಮೊದಲು ಸರ್ ತಾವೇ ಒಂದನ್ನು ಹೊಲಿದು ಮುಳುಗಿಸುವುದು ಪದ್ಧತಿ. ಇಪ್ಪತ್ತು ವರ್ಷ ಅವರ ಹೊಲಿಗೆ ಗಾಳಿ ಬಿಟ್ಟಿರಲಿಲ್ಲ. ಹತ್ತನೆಯ ಮಂಗಳವಾರ, ಉಗರಗೋಳದ ತಂಗೆವ್ವ ಆಪರೇಶನ್ನಿಗೆಂದು ಉಪವಾಸ ಮಲಗಿದ್ದಾಗ, ಸರ್ ಹೊಲಿಗೆಯಿಂದ ಮೂರು ಗುಳ್ಳೆ ಎದ್ದವು. ಎಲ್ಲರೂ ಕಿಟಕಿಯ ಕಡೆ ನೋಡಿದರು. ಸಪ್ನಾ ಹೊಲಿದದ್ದನ್ನೂ ಅವರೇ ನೀರಿನಲ್ಲಿ ಹಿಡಿದು ನೋಡಿದರು, ಒಂದೂ ಏಳಲಿಲ್ಲ. “ನಾ ಫೇಲ್,” ಎಂದರು, ಎಂದಿನ ದನಿಯಲ್ಲೇ. “ತಂಗೆವ್ವನ ಎದಿ ಇವತ್ತ ನೀನ ತಗಿಯವಾ. ನಾ ಬಾಜೂಕ ನಿಂದರತೇನಿ.” “ನಿಮ್ದು ಇನ್ನೊಮ್ಮಿ ನೋಡೂಣ್ರಿ ಸರ್,” ಎಂದಳು ಸಪ್ನಾ. “ಒಬ್ಬರದ್ದ ಎರಡ ಸಲ ಯಾವತ್ತರ ನೋಡೇನೇನು?” ಗುಳ್ಳೆ ಒಂದೂ ಇಲ್ಲದಿದ್ದರೂ ಪಾತೇಲಿಯ ನೀರು ನಡುಗುತ್ತಿತ್ತು, ಅವರ ಕೈ ಇನ್ನೂ ಅದರೊಳಗಿತ್ತು.