ಶ್ರಾವಣದ ನಡುಕಗಳು

ಕುಂಬಾರಕೊಪ್ಪಲಿನ ಪ್ರೇಮಲೀಲಾಗೆ ಐವತ್ತೆರಡು ವರ್ಷ. ಇಪ್ಪತ್ತು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿ ಪಳಗಿದ ಕಣ್ಣು ಆಕೆಯದು. ಪ್ರೆಸ್ಸು ಮುಚ್ಚಿದ ಮೇಲೆ, ಯಾದವಗಿರಿಯ ಬಂಗಲೆಯೊಂದರಲ್ಲಿ ಭೂಕಂಪದ ಅಧ್ಯಯನ ನಡೆಸುವ ಚೂಡಾಮಣಿ ಮೇಡಂ ಹತ್ತಿರ ಕೆಲಸಕ್ಕೆ ಸೇರಿದಳು. ಮೈಸೂರಿನಲ್ಲೆಲ್ಲಿಯ ಭೂಕಂಪ ಎಂದು ನಗಬೇಡಿ; ಅಲ್ಲಿಗೆ ದಿನಾ ಬರುತ್ತಿದ್ದುದು ಕಡಲಾಚೆಯ ಯಾವುದೋ ದ್ವೀಪದ ನೆಲ ಅಲುಗಿದ್ದನ್ನು ಗೆರೆಗಳಲ್ಲಿ ಬರೆದ ದಾಖಲೆ. ಕಂಪ್ಯೂಟರು ಕಸವೆಂದು ಬಿಟ್ಟ ಪುಟ್ಟ ನಡುಕಗಳನ್ನು ಹುಡುಕಿ, ಹಾಳೆಯ ಮೇಲೆ ಕೆಂಪು ಪೆನ್ಸಿಲಿನ ಗುರುತು ಹಾಕುವುದು ಆಕೆಯ ಕೆಲಸ. ದಿನಕ್ಕೆ ಹತ್ತೋ ಹನ್ನೆರಡೋ ಸಿಗುತ್ತಿದ್ದವು.

ಶ್ರಾವಣ ಬಂತು ನೋಡಿ, ಮೂವತ್ತು, ನಲವತ್ತು!

ಚೂಡಾಮಣಿಯವರಿಗೆ ತಲೆ ಕೆಟ್ಟುಹೋಯಿತು. ಶ್ರಾವಣವಿಡೀ ಪ್ರೇಮಲೀಲಾಳದು ಒಪ್ಪೊತ್ತು. ಸಂಜೆ ಪೂಜೆಯಾದ ಮೇಲೆ ಒಂದೇ ಊಟ.

"ಹಸಿದ ಕಣ್ಣಿಗೆ ಇಲ್ಲದ ಗೆರೆ ಕಾಣ್ತಿವೆ, ಪ್ರೇಮಲೀಲಮ್ಮ. ಹಿಂಗಾದ್ರೆ ನೀವು ಇಷ್ಟು ತಿಂಗಳು ಹಾಕಿದ ಗುರುತೆಲ್ಲ ನಂಬೋದು ಹೆಂಗೆ? ಬೇರೆಯವರನ್ನ ನೋಡ್ಬೇಕಾಗುತ್ತೆ" ಎಂದುಬಿಟ್ಟರು.

ಕೆಲಸ ಹೋದರೆ ಹೋಗಲಿ, ಕಣ್ಣೇ ಸುಳ್ಳು ಅಂದರಲ್ಲ! ಪ್ರೇಮಲೀಲಾಗೆ ಸಿಟ್ಟು ನೆತ್ತಿಗೇರಿತು. ಪ್ರತಿ ಬೆಳಿಗ್ಗೆ ಅಂಗೈಯ ಇಷ್ಟಲಿಂಗದ ಮೇಲೆ ನೆಟ್ಟ ದೃಷ್ಟಿ ಅಲ್ಲಾಡದೆ ನಿಲ್ಲುತ್ತಿತ್ತು. ಅದು ಕಾಗದದ ಮೇಲೆ ಕದಲೀತೇ?

"ಶ್ರಾವಣ ಮುಗೀಲಿ ಮೇಡಂ. ಹೊಟ್ಟೆ ತುಂಬ ಉಂಡ್ಕೊಂಡು ಬರ್ತೀನಿ. ಈ ಶ್ರಾವಣದ ಹಾಳೆಗೇ ತಾರೀಕು ಮುಚ್ಚಿ, ಗುರುತಿಲ್ಲದ ಹೊಸ ಪ್ರತಿ ತೆಗೆದು, ಎಲ್ಲ ಕಲಸಿ ಕೊಟ್ಬುಡಿ. ಆಮೇಲೆ ಮಾತಾಡಿ."

ಗೌರಿ ಹಬ್ಬ ಕಳೆಯಿತು. ತುಪ್ಪ ಸುರಿದುಕೊಂಡು ನಾಲ್ಕು ಒಬ್ಬಟ್ಟು ತಿಂದೇ ಬಂದಳು ಪುಣ್ಯಾತ್ಗಿತ್ತಿ! ಎರಡು ದಿನ ಕೂತು ಅಷ್ಟೂ ಹಾಳೆಗೆ ಮತ್ತೆ ಗುರುತು ಹಾಕಿದಳು. ಚೂಡಾಮಣಿ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಎಲ್ಲ ಅವೇ ಗೆರೆ. ಎರಡೇ ಎರಡು ಕಡಿಮೆ. ಊಟದ ಜೋಂಪಿನಲ್ಲಿ ತಪ್ಪಿಸಿಕೊಂಡಿದ್ದವು, ಅಷ್ಟೆ.

ಅದೇ ವಾರ ದ್ವೀಪದಿಂದ, ನೆಲ ಎಷ್ಟು ಸರಿಯಿತೆಂದು ತಿಳಿಸುವ ಜಿಪಿಎಸ್ ಅಳತೆಯೂ ಬಂತು. ಆ ಕರಾವಳಿಯಲ್ಲಿ ಕಡಲ ತಳ ನೆಲದಡಿಗೆ ತೂರುತ್ತದೆ. ಎರಡೂ ಕಚ್ಚಿಕೊಂಡು ಕೂತಿದ್ದು ಒಮ್ಮೆಲೇ ಬಿಟ್ಟರೆ ದೊಡ್ಡ ಭೂಕಂಪ. ಕೆಲವೊಮ್ಮೆ ಯಾರಿಗೂ ತಿಳಿಯದಂತೆ ವಾರಗಟ್ಟಲೆ ಮೆಲ್ಲಗೆ ಜಾರುವುದೂ ಉಂಟು. ಆಗ ಅಕ್ಕಪಕ್ಕ ಪುಟ್ಟ ನಡುಕಗಳು ಹೆಚ್ಚುವುದುಂಟು. ಪ್ರೇಮಲೀಲಾಳ ಪೆನ್ಸಿಲು ಬಿಡುವಿಲ್ಲದೆ ಓಡಿದ ಆ ದಿನಗಳಲ್ಲೇ ಕರಾವಳಿ ಎರಡು ಬೆರಳಗಲ ಕಡಲ ಕಡೆಗೆ ಸರಿದಿತ್ತು.

ಚೂಡಾಮಣಿ ಎದ್ದು ಬಂದು ಆಕೆಯ ಕೈ ಹಿಡಿದುಕೊಂಡರು. "ಅಲ್ಲಿ ಭೂಮಿ ಜಾರ್ತಿತ್ತು ಕಣಮ್ಮ, ನಾನು ಇಲ್ಲಿ ನಿಮ್ಮ ಉಪವಾಸನ ಬೈದೆ. ತಪ್ಪಾಯ್ತು."

ಪ್ರೇಮಲೀಲಾಳ ಕಣ್ಣು ತುಂಬಿ ಬಂತು. ಸೆರಗಿನಲ್ಲಿ ಒರೆಸಿಕೊಂಡು, "ಮುಂದಿನ ಶ್ರಾವಣಕ್ಕೂ ಒಪ್ಪೊತ್ತೇ. ಈಗ್ಲೇ ಹೇಳ್ಬುಟ್ಟಿದೀನಿ" ಎಂದಳು.

"ಧಾರಾಳವಾಗಿ ಮಾಡಿ. ಒಬ್ಬಟ್ಟು ತಿಂದ ದಿನ ಮಾತ್ರ ನಿಮಗೆ ಹಾಳೆ ಕೊಡಲ್ಲ!"