ನಾನು ಗುತ್ತಿಗೆದಾರಳಾದ ಬಗೆ

ಬೀದರಿನ ಆ ಖಾಸಗಿ ಆಸ್ಪತ್ರೆಯ ಲ್ಯಾಬಿಗೆ ನನ್ನನ್ನು ಸೇರಿಸಿದ್ದು ಅಕ್ಕ. ಒಡಹುಟ್ಟಿದವಳಲ್ಲ, ಭಾಲ್ಕಿಯಲ್ಲಿ ನಮ್ಮ ಓಣಿಯವಳು, ಅದೇ ಆಸ್ಪತ್ರೆಯಲ್ಲಿ ಹಿರಿಯ ನರ್ಸ್, ನಮ್ಮೆಲ್ಲರ ಡ್ಯೂಟಿ ಪಟ್ಟಿ ಹಾಕುವವಳೂ ಅವಳೇ. ಬೆಳಗಿನ ರೈಲಿಗೆ ಇಬ್ಬರೂ ಕೂಡಿಯೇ ಹೋಗುತ್ತಿದ್ದೆವು. ಅವಳ ಡಬ್ಬಿಯ ಪುಂಡಿಪಲ್ಲೆಯಲ್ಲಿ ನನಗೆ ಪಾಲಿರುತ್ತಿತ್ತು. ಹೊಸತರಲ್ಲಿ ನಾನು ಸ್ಯಾಂಪಲ್ ಅದಲುಬದಲು ಮಾಡಿದರೆ ಡಾಕ್ಟರಿಗೆ ತಿಳಿಯುವ ಮೊದಲೇ ಸರಿಪಡಿಸುತ್ತಿದ್ದಳು. ತಾಯಿಯನ್ನು ಬೇಗ ಕಳೆದುಕೊಂಡ ನನಗೆ ಅವಳೇ ಧೈರ್ಯ.

ಆಸ್ಪತ್ರೆಯ ವ್ಯಾನು ಆಗಾಗ ಔರಾದ್ ಕಡೆಯ ಹಳ್ಳಿಗಳಿಗೆ ಶಿಬಿರಕ್ಕೆ ಹೋಗುತ್ತಿತ್ತು. ಅವತ್ತು ಚಿಂತಾಕಿಯಿಂದ ವಾಪಸಾಗುವಾಗ ಎಮ್ಮೆಯೊಂದು ಅಡ್ಡ ಬಂತು, ಡ್ರೈವರ್ ಬ್ರೇಕ್ ಒತ್ತಿದ. ಹಿಂದೆ ರಕ್ತದ ಸ್ಯಾಂಪಲ್ ಡಬ್ಬಿ ಹಿಡಿದು ಕೂತಿದ್ದ ನಾನು ಮುಂದಿನ ಸೀಟಿಗೆ ಬಡಿದೆ. ಬಲಗೈ ಮಣಿಕಟ್ಟು ಮುರಿಯಿತು. ನಮ್ಮ ಆಸ್ಪತ್ರೆಯಲ್ಲೇ ಪ್ಲಾಸ್ಟರ್ ಹಾಕಿದರು, ಬಿಲ್ಲನ್ನೂ ಕೊಟ್ಟರು.

ಏನೋ ತಪ್ಪಾಗಿದೆ ಎಂದುಕೊಂಡು ಮ್ಯಾನೇಜರ ಕೋಣೆಗೆ ಹೋದೆ. ಅವರು ಕೂರಿಸಿ ಚಹಾ ತರಿಸಿದರು. ಆಮೇಲೆ ಮೆಲ್ಲಗೆ, "ನೋಡ್ರಿ ಮೇಡಂ, ನೀವು ನಮ್ಮ ಸ್ಟಾಫ್ ಅಲ್ರಿ. ಗುತ್ತಿಗೆದಾರರು" ಅಂದರು.

ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ಸಂಬಳವೆಂದು ನಾನು ತಿಳಿದದ್ದು ಸಂಬಳವಲ್ಲವಂತೆ, ಗುತ್ತಿಗೆದಾರಳಿಗೆ ಕೊಟ್ಟ ಫೀಸಂತೆ. ಅದರಲ್ಲಿ ಹಿಡಿದ ತೆರಿಗೆಯೂ ಆ ಲೆಕ್ಕದಲ್ಲೇ ಹೋಗಿದೆ. ಹಾಗಾಗಿ ಪಿಎಫ್ ಇಲ್ಲ, ಚಿಕಿತ್ಸೆಯ ಖರ್ಚು ನೋಡುವ ಇಎಸ್ಐ ಇಲ್ಲ, ಕೈ ಮುರಿದುಕೊಂಡರೆ ಅದು ನನ್ನ ಕೈ. ದಿನಾ ಬೆರಳೊತ್ತಿ ಹಾಜರಿ ಹಾಕುವುದು, ಆಸ್ಪತ್ರೆಯ ಕೋಟು, ಅರ್ಧ ದಿನದ ರಜೆಗೂ ಅವರ ಮುಂದೆ ನಿಲ್ಲುವುದು, ಇದೆಲ್ಲ ಏನು ಎಂದು ಕೇಳಿದೆ. ಅದೆಲ್ಲ ಶಿಸ್ತಿಗಾಗಿ ಎಂದರು.

ನಮ್ಮೆಲ್ಲರ ಟ್ಯಾಕ್ಸ್ ರಿಟರ್ನ್ ತುಂಬುತ್ತಿದ್ದವರು ಚೌಬಾರಾ ಗೋಪುರದ ಹತ್ತಿರ ಕೂರುವ ಒಬ್ಬ ಹಿರಿಯರು, ಆಸ್ಪತ್ರೆಯೇ ತೋರಿಸಿಕೊಟ್ಟವರು. ಪ್ರತಿ ವರ್ಷ ಫೋನ್ ಮಾಡಿ ಓಟಿಪಿ ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ. ಪ್ಲಾಸ್ಟರಿನ ಕೈ ಹೊತ್ತು ಅವರೆದುರು ಹೋಗಿ ಕೂತೆ.

"ಆಸ್ಪತ್ರಿಯವರು ಹ್ಯಾಂಗ ಹೇಳಿದ್ರು ಹಾಂಗ ತುಂಬೀನಿ ಬೇಟಿ. ನಿಮಗ ಗೊತ್ತದ ಅಂತ ತಿಳ್ಕೊಂಡಿದ್ದೆ" ಅಂದರು. ಅವರ ಮುಖ ಸಪ್ಪಗಾಯಿತು. ಸುಳ್ಳು ಹೇಳುತ್ತಿದ್ದಾರೆ ಅನ್ನಿಸಲಿಲ್ಲ.

ಕಾರ್ಮಿಕ ಇಲಾಖೆಗೆ ಅರ್ಜಿ ಕೊಡು ಎಂದವರು ಹಲವರು. ಸಾಕ್ಷಿಗೆ ಬರುತ್ತೇನೆ ಎಂದವಳು ಅಕ್ಕ ಒಬ್ಬಳೇ. ಅರ್ಜಿ ಕೊಟ್ಟೆ. ವಿಚಾರಣೆಯ ದಿನ ಇಲಾಖೆಯ ಕಚೇರಿಯಲ್ಲಿ ನಾನು ಬೆಂಚಿನಲ್ಲಿ ಅವಳಿಗೆ ಜಾಗ ಇಟ್ಟು ಕಾಯುತ್ತಿದ್ದೆ. ಅವಳು ಮ್ಯಾನೇಜರ ಕಾರಿನಿಂದ ಇಳಿದಳು.

ಅಧಿಕಾರಿ ಒಳ್ಳೆಯವರೇ. "ತೆರಿಗಿ ಯಾವ ಲೆಕ್ಕದಾಗ ಹಿಡದಾರ ಅನ್ನೋದಷ್ಟೇ ಸಾಲೂದಿಲ್ರಿ. ಈಕಿ ಮ್ಯಾಲ ಹುಕುಂ ಯಾರದಿತ್ತು, ಅದು ಹೇಳ್ರಿ" ಎಂದು ಅಕ್ಕನನ್ನು ಕೇಳಿದರು.

"ಹುಕುಂ ಯಾರದೂ ಇರ್ಲಿಲ್ರಿ. ಆಕಿಗಿ ಬೇಕಾದಾಗ ಬರ್ತಿದ್ಲು, ಹೋಗ್ತಿದ್ಲು."

ನಾನು ಸ್ವಲ್ಪ ತಡವಾದರೆ ಫೋನ್ ಮಾಡಿ ಬೈಯುತ್ತಿದ್ದವಳು ಇವಳೇ. ಹಬ್ಬದ ದಿನ ಡ್ಯೂಟಿ ಹಾಕಿ, ಬೇಜಾರ ಮಾಡಿಕೊಳ್ಳಬೇಡ ಎಂದು ಬೆನ್ನು ಸವರಿದವಳೂ ಇವಳೇ.

ಸಂಜೆಯ ರೈಲಿನಲ್ಲಿ ಅವಳನ್ನು ಹುಡುಕಿ ಎದುರಿಗೆ ಕೂತೆ. ಸಾಕ್ಷಿಯ ಮಾತು ಎತ್ತಲಿಲ್ಲ. ಅವಳ ಬಗ್ಗೆ ಆಗಲೂ ನನಗೆ ಕಾಳಜಿಯೇ ಇತ್ತು. ನಿನ್ನನ್ನೂ ಹೀಗೇ ಗುತ್ತಿಗೆದಾರಳೆಂದು ತೋರಿಸಿರಬಹುದು, ಒಮ್ಮೆ ವಿಚಾರಿಸು ಎಂದೆ.

ಅವಳು ಕಿಟಕಿಯ ಹೊರಗೆ ನೋಡುತ್ತಲೇ, "ನಂದೂ ಹಾಂಗೇ ಅದ. ನಂಗ ಮೊದಲಿಂದ ಗೊತ್ತದ" ಅಂದಳು.

"ಮತ್ತ ನಂಗ ಯಾಕ ಹೇಳ್ಲಿಲ್ಲ ಅಕ್ಕಾ?"

"ಹೇಳಿದ್ರ ನೀ ಬರ್ತಿದ್ದೇನು? ಲ್ಯಾಬಿಗೊಬ್ರು ಬೇಕಾಗಿತ್ತು. ಕರ್ಕೊಂಡು ಬಾ ಅಂದಿದ್ರು."

ಸಾಕ್ಷಿಯ ಸುಳ್ಳನ್ನು ಹೆದರಿಕೆ ಎಂದು ನಾನು ಹೇಗೋ ನುಂಗಿಕೊಂಡಿದ್ದೆ. ಈ ಮಾತನ್ನು ನುಂಗಲಾಗಲಿಲ್ಲ. ಅಷ್ಟು ವರ್ಷದ ಪ್ರಯಾಣದಲ್ಲಿ ಎದುರಿನ ಸೀಟಿನಲ್ಲಿ ಕೂತು ನನ್ನ ಮದುವೆಯ ಚಿಂತೆ ಮಾಡಿದವಳಿಗೆ, ಆ ಆಸ್ಪತ್ರೆಯಲ್ಲಿ ನಾನು ಯಾರೂ ಅಲ್ಲವೆಂದು ಗೊತ್ತಿತ್ತು. ಎದ್ದು ಬಾಗಿಲ ಬಳಿ ಹೋಗಿ ನಿಂತೆ. ಭಾಲ್ಕಿ ಬರುವವರೆಗೂ ನಿಂತೇ ಇದ್ದೆ.

ರಾಜಿ ಆಗದೆ ಪ್ರಕರಣ ಕೋರ್ಟಿಗೆ ಹೋಯಿತು, ಇನ್ನೂ ಅಲ್ಲೇ ಇದೆ. ಕೈ ಕೂಡಿಕೊಂಡ ಮೇಲೆ ಭಾಲ್ಕಿಯಲ್ಲೇ ಒಂದು ಸಣ್ಣ ಲ್ಯಾಬಿಗೆ ಸೇರಿದೆ. ಸೇರುವ ಮೊದಲು, ನನ್ನನ್ನು ಲೆಕ್ಕದಲ್ಲಿ ಏನೆಂದು ತೋರಿಸುತ್ತೀರಿ ಎಂದು ಕೇಳಿದೆ. ಮಾಲೀಕರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ, ಬಿಡಿಸಿ ಹೇಳಬೇಕಾಯಿತು.

ಮೊನ್ನೆ ಅಕ್ಕ ಸಕ್ಕರೆ ಪರೀಕ್ಷೆಗೆ ಅಲ್ಲಿಗೇ ಬಂದಳು. ಸೊರಗಿದ್ದಳು. ತೋಳು ಚಾಚಿದಳು, ನಾನು ರಕ್ತ ತೆಗೆದುಕೊಂಡೆ. ಕೇಸ್ ಏನಾಯಿತು ಎಂದು ಕೇಳಿದಳು. ನಡೀತದ ಎಂದೆ. ಹತ್ತಿ ಒತ್ತಿಹಿಡಿಯಲು ಹೇಳಿ, ಹೊರಗೆ ಕಾಯುತ್ತಿದ್ದ ಮುಂದಿನವರನ್ನು ಕರೆದೆ.