ಸಂಜೀವಣ್ಣನ ಅಂಗಡಿಯ ಸೌತೆಕಾಯಿ

ಮಣಿಪಾಲದ ಐದನೆಯ ಮಹಡಿಯ ನಮ್ಮ ಬಾಲ್ಕನಿಯಲ್ಲಿ ಈ ವರ್ಷ ಒಂದೇ ಒಂದು ಸೌತೆಕಾಯಿ ಬಿಟ್ಟಿತು. ಹಣ್ಣಾಗಿ ಹಳದಿಗೆ ತಿರುಗಿದ ಅದನ್ನು ಕೊಯ್ದು ತಂದಾಗ ಹೆಂಡತಿ, "ನಾಳೆ ಹುಳಿಗೆ ಆಯ್ತು" ಎಂದಳು. "ಮುಟ್ಟಬೇಡ!" ಎಂದು ನಾನು ಕೂಗಿದ್ದಕ್ಕೆ ಅವಳು ಬೆಚ್ಚಿಬಿದ್ದಳು. ನೀವಿದ್ದರೂ ಬೆಚ್ಚುತ್ತಿದ್ದಿರಿ. ಕಾರಣ ತಿಳಿಯಬೇಕಾದರೆ ನನ್ನ ಜೊತೆ ನನ್ನೂರು ಉದ್ಯಾವರದ ಸಂಜೀವಣ್ಣನ ಅಂಗಡಿಯವರೆಗೆ ಬರಬೇಕು.

ಹೆದ್ದಾರಿ ಅಗಲವಾಗುವ ಮೊದಲಿನಿಂದಲೂ ಇರುವ ಅಂಗಡಿ ಅದು. ಒಳಗೆ ಕಾಲಿಟ್ಟರೆ ಮೂಗಿಗೆ ಬಡಿಯುವುದು ನೆಲಕಡಲೆ ಹಿಂಡಿಯ ಪರಿಮಳ. ಚಿಕ್ಕಂದಿನಲ್ಲಿ ಒಂದು ಚೂರು ಕದ್ದು ತಿಂದವನು ನಾನು. ದನಗಳ ಬಗ್ಗೆ ಇಂದಿಗೂ ಸ್ವಲ್ಪ ಅಸೂಯೆ ಇದೆ. ಮನೆಮನೆಯಲ್ಲಿ ದನದ ಹಟ್ಟಿ ಇದ್ದಾಗ ಅಲ್ಲಿ ಹಿಂಡಿ, ಬೂಸಾ ಮಾತ್ರ. ಹಟ್ಟಿಗಳು ಕಾರು ನಿಲ್ಲಿಸುವ ಶೆಡ್ಡುಗಳಾದ ಮೇಲೆ ಹೂವಿನ ಗಿಡ, ಕುಂಡ, ಗೊಬ್ಬರ ಬಂದವು. ಆಮೇಲೆ ಬೆಕ್ಕಿನ ತಿಂಡಿಯ ಪೊಟ್ಟಣ. "ನಮ್ಮ ಕಾಲದ ಬೆಕ್ಕಿಗೆ ಬೂತಾಯಿ ಮೀನಿನ ತಲೆ ಸಾಕಿತ್ತು" ಎಂದು ಗೊಣಗುತ್ತಲೇ ಸಂಜೀವಣ್ಣ ಅದನ್ನೂ ಮಾರಿದರು.

ಊರಿನ ಸೌತೆಬೀಜವನ್ನು ಮಾತ್ರ ಅವರು ಮಾರುತ್ತಿರಲಿಲ್ಲ. ಒಂದು ಮುಷ್ಟಿ ಸುಮ್ಮನೆ ಕೊಡುತ್ತಿದ್ದರು. ಬೆಳೆದವರು ಮುಂದಿನ ವರ್ಷದ ಬೀಜಕ್ಕೆಂದು ಬಳ್ಳಿಯ ಅತ್ಯುತ್ತಮ ಕಾಯಿಯೊಂದನ್ನು ಚೆನ್ನಾಗಿ ಹಣ್ಣಾಗಿಸಿ ಅಂಗಡಿಗೆ ಮರಳಿಸಬೇಕು. ಬಾಳೆನಾರಿನಲ್ಲಿ ಕಟ್ಟಿ ಮಾಡಿನ ಜಂತಿಗೆ ಅವನ್ನು ತೂಗುಹಾಕುತ್ತಿದ್ದರು. ಮಳೆಗಾಲವಿಡೀ ಗಿರಾಕಿಗಳು ಸೌತೆಕಾಯಿಗಳ ಕೆಳಗೆ ತಲೆ ಬಗ್ಗಿಸಿಯೇ ನಡೆಯಬೇಕಿತ್ತು.

ಒಂದು ವರ್ಷ, ಬೀಜವೆಲ್ಲ ಹಂಚಿ ಮುಗಿದ ಮೇಲೆ, ಹೊಳೆಯ ಉಪ್ಪುನೀರು ಗದ್ದೆಗಳಿಗೆ ನುಗ್ಗಿ ಎಲ್ಲರ ಬಳ್ಳಿಗಳೂ ಸುಟ್ಟುಹೋದವು. ಉಳಿದದ್ದು ನಮ್ಮ ಬಾವಿಕಟ್ಟೆಯ ಬಳಿಯ ಒಂದು ಬಳ್ಳಿ, ಅದರಲ್ಲೊಂದು ಕಾಯಿ. ಅಮ್ಮ ಕಾರ್ಕಳದ ಚಿಕ್ಕಮ್ಮನ ಮನೆಗೆ ಹೊರಡುವಾಗ, "ಅದನ್ನು ಅಂಗಡಿಗೆ ಕೊಟ್ಟು ಬಾ" ಎಂದಿದ್ದರು. ಆಗಷ್ಟೇ ಕೆಲಸಕ್ಕೆ ಸೇರಿ ದೊಡ್ಡ ಮನುಷ್ಯನಾಗಿದ್ದ ನಾನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆ. ಗೆಳೆಯರು ಊಟಕ್ಕೆ ಬಂದರು. ಸೌತೆಕಾಯಿ ಹುಳಿ ಮಾಡಿದೆ. ಬಹಳ ರುಚಿಯಾಗಿತ್ತು, ಅದೇ ಬೇಸರ.

ಮರುದಿನ ಅಮ್ಮನ ಮಾತು ನೆನಪಾಯಿತು. ಉಡುಪಿಯ ಮಾರುಕಟ್ಟೆಯಿಂದ ಅಂಥದ್ದೇ ಒಂದನ್ನು ತಂದು ಸಂಜೀವಣ್ಣನ ಕೈಗಿಟ್ಟೆ. ಅವರು ತಿರುಗಿಸಿ ನೋಡಿದರು.

"ಇದು ನಿಮ್ಮ ಬಳ್ಳಿಯದ್ದಲ್ಲ. ನಮ್ಮ ತಳಿಗೆ ತೊಟ್ಟಿನ ಹತ್ತಿರ ಹಸಿರು ಪಟ್ಟೆ ಉಂಟು. ಅದು ಎಂತ ಆಯ್ತು?"

"ಹುಳಿ ಆಯ್ತು."

ಬೈದಿದ್ದರೆ ವಾಸಿಯಿತ್ತು. ಅವರು ಖಾಲಿ ಜಂತಿಯತ್ತ ಕಣ್ಣೆತ್ತಿದರು. ಊರಿನ ತಳಿಯೇ ನನ್ನ ಹೊಟ್ಟೆ ಸೇರಿತ್ತು. ನನಗೆ ಅಳು ಬರುವಂತಾಯಿತು.

"ಒಳಗಿನ ತಿರುಳು ಎಲ್ಲಿ ಹಾಕಿದ್ದು ಮಾರಾಯ?"

"ಗೌರಿಯ ಬಾಲ್ದಿಗೆ." ಗೌರಿ ನಮ್ಮ ದನ.

ಸಂಜೀವಣ್ಣ ಅಂಗಡಿಯ ಬಾಗಿಲು ಹಾಕಿಕೊಂಡು ನನ್ನೊಂದಿಗೆ ಹೊರಟರು. ಗೌರಿ ಬಾಲ್ದಿಯನ್ನು ನೆಕ್ಕಿ ಹೊಳೆಯಿಸಿದ್ದಳು. ಮುಂದಿನ ಎರಡು ವಾರ ಅವರು ದಿನಾ ಬೆಳಿಗ್ಗೆ ಬಂದು ನಮ್ಮ ಗೊಬ್ಬರಗುಂಡಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂರುತ್ತಿದ್ದರು; ನಾನು ಕೊಡೆ ಹಿಡಿದು ನಿಲ್ಲುತ್ತಿದ್ದೆ. ಕೊನೆಗೊಂದು ದಿನ ಸೆಗಣಿಯಿಂದ ಮೂರು ಮೊಳಕೆಗಳು ತಲೆಯೆತ್ತಿದವು. "ಬಂತು ಮಾರಾಯ!" ಎಂದು ಅವರು ನನ್ನ ಬೆನ್ನಿಗೊಂದು ಗುದ್ದಿದರು. "ಹೆದರಬೇಡ, ಇದನ್ನು ಯಾರಿಗೂ ಹೇಳುವುದಿಲ್ಲ." ಮೂರರಲ್ಲಿ ಒಂದು ಸಸಿ ನಮ್ಮ ಸೂರಿನಡಿ ಬದುಕಿ ಕಾಯಿ ಬಿಟ್ಟಿತು. ಈಗ ಊರಲ್ಲಿರುವುದೆಲ್ಲ ಅದರದ್ದೇ ಸಂತಾನ.

ಸಂಜೀವಣ್ಣ ಈಗಿಲ್ಲ, ಅಂಗಡಿ ನಡೆಸುವುದು ಅವರ ಮಗಳು ಶಶಿ. ನನ್ನ ಬಾಲ್ಕನಿಗೆ ಬೀಜ ಕಳಿಸಿದವಳೂ ಅವಳೇ. ಮೊನ್ನೆ ಕಾಯಿ ಕೊಟ್ಟಾಗ ಪಟ್ಟೆ ನೋಡಿ ಖುಷಿಪಟ್ಟು, ಹಳೆಯ ಬೀಜದ ಡಬ್ಬಿಯನ್ನು ತೋರಿಸಿದಳು. ಮುಚ್ಚಳದ ಮೇಲೆ ಸಂಜೀವಣ್ಣನ ಕೈಬರಹ: 'ಗೌರಿ ಸೌತೆ'.

"ಈ ಗೌರಿ ಯಾರು ಅಣ್ಣ? ನಿಮಗೆ ಗೊತ್ತುಂಟಾ? ಅಪ್ಪನಲ್ಲಿ ಕೇಳಿದಾಗಲೆಲ್ಲ ನಗುತ್ತಿದ್ದರು, ಕಡೆಯವರೆಗೂ ಹೇಳಲಿಲ್ಲ. ಅಮ್ಮನಿಗೆ ಈಗಲೂ ಸ್ವಲ್ಪ ಸಂಶಯ ಉಂಟು."

ನನ್ನ ಮಾನ ಕಾಯಲು ಆ ಮನುಷ್ಯ ಹೆಂಡತಿಯ ಸಂಶಯವನ್ನು ಹೊತ್ತುಕೊಂಡೇ ಇದ್ದರು. ನಗುವೂ ಬಂತು, ಕಣ್ಣೂ ತುಂಬಿತು. ನಾನು ಹಿಂಡಿಯ ಮೂಟೆಯ ಮೇಲೆ ಕುಳಿತೆ.

"ಅಮ್ಮನನ್ನು ಕರಿ ಶಶಿ," ಎಂದೆ. "ನಾನು ಒಂದು ಹುಳಿ ಮಾಡಿದ ಕಥೆ ಹೇಳಲಿಕ್ಕುಂಟು."